ಕೂಗಿಲ್ಲದ ಕಟಾ

ಆ ಭಾನುವಾರ ಬೆಳಿಗ್ಗೆ ಎದ್ದವಳು ದಿನದಂತೆ ಮಾಳಿಗೆಗೆ ಹೋಗಲಿಲ್ಲ. ಬಾಗಿಲಿಗೆ ನೀರು ಹಾಕಿ, ಅವಸರದಲ್ಲಿ ಒಂದು ರಂಗೋಲಿ ಎಳೆದು, ಉಪ್ಪಿಟ್ಟಿಗೆ ರವೆ ಹುರಿಯಲು ಇಟ್ಟೆ. ಹೆದ್ದಾರಿಯ ಕಡೆಯಿಂದ ಕೇರಳಕ್ಕೆ ಹೋಗುವ ತರಕಾರಿ ಲಾರಿಗಳ ಸದ್ದು ಬರುತ್ತಿತ್ತು. ಮಗಳ ಬಿಳಿ ಸಮವಸ್ತ್ರ, ನನ್ನ ಬಿಳಿ ಸಮವಸ್ತ್ರ ಎರಡನ್ನೂ ಇಸ್ತ್ರಿ ಮಾಡಿದೆ. ಅವಳದನ್ನು ಬ್ಯಾಗಿನಲ್ಲಿ ಮೇಲಿಟ್ಟೆ. ನನ್ನದನ್ನು ತಳಕ್ಕೆ ಹಾಕಿ ಮೇಲೊಂದು ಟವೆಲ್ ಮುಚ್ಚಿದೆ.

ನಾನು ಕರಾಟೆ ಕಲಿಯುತ್ತಿದ್ದೆ. ಇದನ್ನು ಬರೆಯುವಾಗಲೂ ಯಾರಾದರೂ ಬಂದರೇನೋ ಎಂದು ಬಾಗಿಲ ಕಡೆ ನೋಡುತ್ತೇನೆ.

ಮೊದಲು ಸೇರಿದ್ದು ಮಗಳು. ಗುಂಡ್ಲುಪೇಟೆಯ ಒಂದು ಕಲ್ಯಾಣ ಮಂಟಪದ ಮಹಡಿಯಲ್ಲಿ ಸಂಜೆ ಕ್ಲಾಸು. ಅವಳನ್ನು ಕರೆದುಕೊಂಡು ಹೋಗಿ, ಗೋಡೆ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮುಗಿದ ಮೇಲೆ ಕರೆದುಕೊಂಡು ಬರುತ್ತಿದ್ದೆ. ಒಂದು ದಿನ ಮಾಸ್ಟರು, "ದಿನಾ ಕೂತೇ ಇರ್ತೀರಲ್ಲ ಮೇಡಂ, ಎದ್ದು ನಿಂತ್ಕಳಿ, ಅದೇ ಟೈಮು" ಎಂದರು. ನಿಂತುಕೊಂಡೆ. ಹಿಂದಿನ ಸಾಲಿನಲ್ಲಿ, ನನ್ನ ಸೊಂಟದೆತ್ತರದ ಮಕ್ಕಳ ಜೊತೆ. ಮನೆಯವರು ಕೇಳಿ, "ಯಾರಿಗೆ ಹೊಡೆಯೋಕೆ ಇದೆಲ್ಲ?" ಎಂದು ನಕ್ಕು ಸುಮ್ಮನಾದರು.

ಕರಾಟೆಯಲ್ಲಿ ಕಟಾ ಅಂತ ಒಂದಿದೆ. ಎದುರಿಗೆ ಯಾರೂ ಇಲ್ಲದಿದ್ದರೂ ಇದ್ದಾರೆ ಎಂದುಕೊಂಡು, ಹೊಡೆತ, ತಡೆ, ತಿರುವುಗಳನ್ನು ಗೊತ್ತುಪಡಿಸಿದ ಕ್ರಮದಲ್ಲಿ ಒಬ್ಬರೇ ಮಾಡುವುದು. ಕೊನೆಯ ಹೊಡೆತಕ್ಕೆ ಹೊಟ್ಟೆಯಿಂದ ಜೋರಾಗಿ ಕೂಗಬೇಕು. ಮಾಸ್ಟರು ಕಟಾ ಎಂದರೆ ಸಾಕು, ಮಕ್ಕಳ ಮುಖ ಬಾಡುತ್ತಿತ್ತು.

"ಕಟಾ ಬ್ಯಾಡಿ ಸಾರ್, ಫೈಟ್ ಬುಡಿ ಸಾರ್."

"ನಿನ್ನೇನೂ ಅದೇ ಮಾಡ್ದೋ ಸಾರ್!"

"ನಾಳೇನೂ ಅದೇ ಕಣ್ರೋ, ನಿಂತ್ಕಳ್ರೋ" ಎನ್ನುತ್ತಿದ್ದರು ಮಾಸ್ಟರು.

ನನ್ನ ಮಗಳೂ ಅಷ್ಟೇ. "ಗಾಳಿಗೆ ಹೊಡೆಯೋದ್ರಲ್ಲಿ ಏನಮ್ಮ ಮಜಾ?" ಎನ್ನುತ್ತಿದ್ದಳು. ನನಗೆ ಅದರಲ್ಲೇ ಮಜಾ. ಎದುರಿಗೆ ಯಾರೂ ಇಲ್ಲ, ಯಾರಿಗೂ ನೋವಾಗುವುದಿಲ್ಲ. ಮುಂದಿನ ಹೆಜ್ಜೆ ಯಾವುದೆಂದು ಮೊದಲೇ ಗೊತ್ತಿರುತ್ತದೆ. ಎಲ್ಲಿಂದ ಹೊರಟೆವೋ ಅಲ್ಲಿಗೇ ಬಂದು ನಿಲ್ಲುತ್ತೇವೆ. ಮನೆಗೆಲಸದಲ್ಲಿ ಯಾವುದಾದರೂ ಒಂದು ಹೀಗೆ ಪೂರ್ತಿ ಮುಗಿಯುತ್ತದೆಯೇ? ಮುಸುರೆ ತೊಳೆದಿಟ್ಟು ತಿರುಗುವಷ್ಟರಲ್ಲಿ ಸಿಂಕಿನಲ್ಲಿ ಇನ್ನೊಂದು ಲೋಟ ಇರುತ್ತದೆ.

ಹಾಗಾಗಿ ದಿನಾ ಬೆಳಿಗ್ಗೆ ನೈಟಿಯ ಮೇಲೊಂದು ದುಪಟ್ಟಾ ಕಟ್ಟಿಕೊಂಡು, ಮಾಳಿಗೆಯ ನೀರಿನ ಟ್ಯಾಂಕಿನ ಮರೆಯಲ್ಲಿ ಕಟಾ ಮಾಡುತ್ತಿದ್ದೆ. ಕೂಗುವ ಜಾಗ ಬಂದಾಗ ಮಾತ್ರ ಎಡಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಕಾನ್ವೆಂಟಿನಲ್ಲಿ ಓದಿದವಳು ನಾನು. ಮೆಟ್ಟಿಲಿಳಿಯುವಾಗ ಬೂಟಿನ ಸದ್ದಾದರೂ ಸಿಸ್ಟರು ವಾಪಸು ಹತ್ತಿಸಿ, ಮತ್ತೆ ಮೆಲ್ಲಗೆ ಇಳಿಸುತ್ತಿದ್ದರು. ಅಲ್ಲದೆ ಪಕ್ಕದ ಮನೆ ಅಷ್ಟು ಹತ್ತಿರ. ಅವರ ಅಡುಗೆಮನೆಯ ಕಿಟಕಿ ನಮ್ಮ ಮಾಳಿಗೆಗೆ ನೇರ ಇದೆ. ಅದಕ್ಕೆ ಕಪ್ಪು ಸೊಳ್ಳೆ ಪರದೆ ಹೊಡೆಸಿದ್ದಾರೆ. ಇಲ್ಲಿಂದ ನೋಡಿದರೆ ಒಳಗೆ ಕತ್ತಲೆ ಬಿಟ್ಟು ಏನೂ ಕಾಣುವುದಿಲ್ಲ. ಒಳಗಿನವರಿಗೆ ನಾನೂ ಕಾಣುವುದಿಲ್ಲ ಎಂದು ಧೈರ್ಯವಾಗಿದ್ದೆ.

ಆ ಭಾನುವಾರ ಚಾಮರಾಜನಗರದಲ್ಲಿ ಬೆಲ್ಟ್ ಪರೀಕ್ಷೆ. ನಾವು ಗೇಟು ತೆಗೆದಾಗ ಪಕ್ಕದ ಮನೆಯ ಅಜ್ಜಿ ಮೋರಿಯ ಹತ್ತಿರ ಒರೆಸುವ ಬಟ್ಟೆ ಹಿಂಡುತ್ತಿದ್ದರು. ಹರಿದುಹೋಗುತ್ತಿದ್ದ ನೀರು ಬೆಳ್ಳಗಿತ್ತು. ಭೀಮನಬೀಡು ಕಡೆಯವರು, ಮಗನ ಕೆಲಸಕ್ಕಾಗಿ ಪೇಟೆಗೆ ಬಂದವರು. ಯಾರನ್ನೂ ಮಾತಾಡಿಸದೆ ಬಿಡುವವರಲ್ಲ.

"ಇಷ್ಟೊತ್ಗೇ ಅವ್ವ-ಮಗ್ಳು ಎತ್ತಾಗ್ ಹೊಂಟ್ರಿ?"

"ಚಾಮರಾಜನಗರಕ್ಕೆ ಅಜ್ಜಿ. ಒಂದು ಗೃಹಪ್ರವೇಶ ಇತ್ತು."

"ಗೃಹಪ್ರವೇಶಕ್ಕೆ ಕಿವೀಲಿ ಒಂದ್ ಓಲೇನೂ ಇಲ್ದೆ ಓಯ್ತಿದ್ದೀಯಲ್ಲವ್ವ?"

ಪರೀಕ್ಷೆಗೆ ಒಡವೆ ಹಾಕಬಾರದೆಂದು ಓಲೆ ಬಿಚ್ಚಿಟ್ಟಿದ್ದೆ. "ಬ್ಯಾಗಲ್ಲಿದೆ" ಎಂದು ಇನ್ನೊಂದು ಸುಳ್ಳು ಹೇಳಿದೆ. ಮಗಳು ನನ್ನ ಮುಖ ನೋಡಿದಳು. ಬಸ್ಸಿನಲ್ಲಿ ತೆರಕಣಾಂಬಿ ದಾಟುವವರೆಗೂ ಕಿಟಕಿಯ ಆಚೆಯೇ ನೋಡುತ್ತಿದ್ದಳು.

ಪರೀಕ್ಷೆ ಒಂದು ಶಾಲೆಯ ಸಭಾಂಗಣದಲ್ಲಿ. ಬಿಳಿ ಬೆಲ್ಟಿನ ಮಕ್ಕಳ ಜೊತೆ ನಾನೂ ಸಾಲಿನಲ್ಲಿ ನಿಂತೆ. ಮಕ್ಕಳೆಲ್ಲ ಕೊನೆಗೆ ಒಟ್ಟಿಗೆ ಕೂಗಿದರು. ಆ ಸದ್ದಿನಲ್ಲಿ ನಾನು ಬಾಯಿ ಮಾತ್ರ ತೆರೆದೆ. ಪಾರಾದೆ ಅಂದುಕೊಂಡೆ. ಪರೀಕ್ಷೆ ಮಾಡಲು ಬಂದಿದ್ದ ಹಿರಿಯ ಮಾಸ್ಟರು ಬೆರಳು ಮಾಡಿ, "ಅಮ್ಮ, ನೀವೊಬ್ರೇ ಇನ್ನೊಂದ್ಸಲ ಮಾಡಿ" ಎಂದರು.

ಒಬ್ಬಳೇ ಮಾಡಿದೆ. ಕೈಕಾಲು ಎಲ್ಲೂ ತಪ್ಪಲಿಲ್ಲ. ತಿರುಗುವಾಗ ನನ್ನ ಪಾದ ನೆಲಕ್ಕೆ ಉಜ್ಜುವುದು ನನಗೇ ಕೇಳಿಸುತ್ತಿತ್ತು. ಹೇಳಿಕೊಳ್ಳಬಾರದು, ಆದರೂ ಆ ಹೊತ್ತಿನಲ್ಲಿ ನನಗೆ ಖುಷಿಯಾಗಿತ್ತು. ಕೊನೆಯ ಹೊಡೆತ ಬಂತು. ಬಲಗೈ ಮುಂದಕ್ಕೆ ಹೋಯಿತು. ಎಡಗೈ ಸೊಂಟದ ಹತ್ತಿರ ನಿಲ್ಲಬೇಕಿದ್ದದ್ದು ನೆಟ್ಟಗೆ ಮೇಲೆ ಬಂದು ನನ್ನ ಬಾಯಿ ಮುಚ್ಚಿತು.

ಯಾವುದೋ ಮಗು ಕಿಸಕ್ಕೆಂದಿತು. ಆಮೇಲೆ ಎಲ್ಲರೂ ನಕ್ಕರು. ಆ ಕಡೆ ಗೋಡೆಯ ಹತ್ತಿರ ನಿಂತಿದ್ದ ಮಗಳನ್ನು ಹುಡುಕಿದೆ. ಅವಳು ತಲೆ ತಗ್ಗಿಸಿ, ಸಡಿಲವಾಗದೇ ಇದ್ದ ಬೆಲ್ಟನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು.

"ಹೆಜ್ಜೆ ಚೆನ್ನಾಗವೆ ಅಮ್ಮ" ಎಂದರು ಹಿರಿಯ ಮಾಸ್ಟರು, ಬೈಯದೆ. "ಆದ್ರೆ ಕೂಗದೇ ಇದ್ರೆ ಪೂರ್ತಿ ಆಗಲ್ಲ. ಮುಂದಿನ ಸಲ ಬನ್ನಿ." ಬೈದಿದ್ದರೆ ಸಹಿಸಬಹುದಿತ್ತು. ಮಕ್ಕಳು ಹಳದಿ ಬೆಲ್ಟು ಕಟ್ಟಿಸಿಕೊಳ್ಳುವಾಗ ನಾನು ಚಪ್ಪಾಳೆ ತಟ್ಟಿದೆ. ಕಿವಿ ಸುಡುತ್ತಿತ್ತು, ಬರಿಗಿವಿ.

ವಾಪಸು ಬರುವ ಬಸ್ಸಿನಲ್ಲಿ ಮಗಳು ತನ್ನ ಹೊಸ ಬೆಲ್ಟನ್ನು ಬ್ಯಾಗಿನಿಂದ ತೆಗೆಯಲೂ ಇಲ್ಲ.

"ಬೇಜಾರಾ? ಎಲ್ಲರ ಮುಂದೆ ಹಾಗಾಯ್ತು ಅಂತ?" ಎಂದೆ.

"ಅದಕ್ಕಲ್ಲ. ಅಜ್ಜಿ ಹತ್ರ ಯಾಕಮ್ಮ ಗೃಹಪ್ರವೇಶ ಅಂದೆ? ಕರಾಟೆ ಅಂದಿದ್ರೆ ಏನಾಗ್ತಿತ್ತು?"

ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ.

"ನಾನು ಮಾಡೋದು ಅಷ್ಟು ನಾಚಿಕೆ ಕೆಲ್ಸಾನಾ?" ಎಂದು ಕೇಳಿ, ಬ್ಯಾಗನ್ನು ತನ್ನ ಕಡೆ ಎಳೆದುಕೊಂಡು, "ನಾಳೆಯಿಂದ ಒಬ್ಳೇ ಹೋಗ್ತೀನಿ ಬುಡು. ನೀನು ಕಷ್ಟಪಟ್ಕೊಂಡು ಬರ್ಬೇಡ" ಎಂದಳು. ಕಂಡಕ್ಟರು ಚಿಲ್ಲರೆ ಕೇಳುತ್ತ ಬಂದರು. ಪರ್ಸಿನಲ್ಲಿ ಹುಡುಕುವ ನೆಪದಲ್ಲಿ ಮುಖ ಕೆಳಗೆ ಮಾಡಿದೆ. ಕಷ್ಟ ಅಲ್ಲ ಮಗಳೇ, ಇಷ್ಟಪಟ್ಟು ಬರುತ್ತಿದ್ದೆ ಎಂದು ಹೇಳಬೇಕಿತ್ತು. ಅದನ್ನೂ ಕೂಗಲಾಗಲಿಲ್ಲ, ಪಿಸುಗುಡಲೂ ಆಗಲಿಲ್ಲ. ಅವಳ ಪಾಲಿಗೆ ನಾನು ಕಟಾ ಮಾಡುತ್ತಿದ್ದದ್ದು ಅವಳನ್ನು ಕಾಯುವುದಕ್ಕಾಗಿ, ಅಷ್ಟೇ.

ಸಂಜೆ ಸಮವಸ್ತ್ರ ಒಗೆದು, ಅವಳದನ್ನು ಹೊರಗಿನ ತಂತಿಗೆ ಹಾಕಿದೆ. ನನ್ನದನ್ನು ಎಂದಿನಂತೆ ಹಜಾರದ ಫ್ಯಾನಿನ ಕೆಳಗೆ ಕುರ್ಚಿಯ ಮೇಲೆ ಹರಡಿದೆ. ಮಗಳು ಅಲ್ಲೇ ಕೂತು ಹೋಂವರ್ಕ್ ಮಾಡುತ್ತಿದ್ದಳು. ಹೊರಗೆ ಬಳೆ ಸದ್ದಾಯಿತು. ಪಕ್ಕದ ಮನೆಯ ಅಜ್ಜಿ ಸ್ಟೀಲಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಾನು ಕುರ್ಚಿಗೆ ಅಡ್ಡ ನಿಂತೆ.

"ಒಂದ್ ಲೋಟ ಹಾಲಿದ್ರೆ ಕೊಡವ್ವ. ಕಾಪಿಗೂ ಇಲ್ಲ."

ಫ್ರಿಜ್ಜಿನಿಂದ ತಂದು ಬಗ್ಗಿಸಿದೆ. ಅಜ್ಜಿ ಕುರ್ಚಿಯ ಕಡೆ ಕಣ್ಣು ಹಾಯಿಸಿದರು. ಅದೇನೆಂದು ಕೇಳಲಿಲ್ಲ. ಲೋಟದ ಮೇಲೆ ಅಂಗೈ ಮುಚ್ಚಿಕೊಂಡು ಮೆಟ್ಟಿಲಿಳಿಯುತ್ತ, ಗೇಟಿನ ಹತ್ತಿರ ಹೋದ ಮೇಲೆ ಏನೋ ನೆನಪಾದವರಂತೆ ತಿರುಗಿದರು.

"ಈವತ್ತು ಒತ್ತಾರೆ ನೀನು ಮಾಳ್ಗೆ ಮ್ಯಾಕೆ ಬರ್ನಿಲ್ವಲ್ಲ, ನಮ್ಮನೆ ಹಾಲೆಲ್ಲ ಉಕ್ಕೋಯ್ತು ಕಣವ್ವ. ದಿನಾ ನೀನು ಆ ಕೊನೇ ಏಟು ಹೊಡ್ದು ಬಾಯ್ ಮುಚ್ಕತಿದ್ದಂಗೇ ನಾನು ಸ್ಟೌ ಆರುಸ್ತಿದ್ದೆ. ನಾಳೀಕೆ ಬತ್ತೀಯೋ, ಇಲ್ಲ ನಾನೇ ಒಲೆ ಮುಂದೆ ಕಾಯ್ಕಂಡು ನಿಂತ್ಕಬೇಕೋ?"