ನಾಳೆ ಅಂದ್ರೆ ನಾಳೆನೇ ಬೇಕು!

“ನಾಳೆ ಅಂದ್ರೆ ನಾಳೆನೇ ಬೇಕು. ನಾಡಿದ್ದು ಅಂದ್ರೆ ನಾನು ಕೇಳಲ್ಲ!” ಜಯನಗರದ ಟೈಲರ್ ಅಂಗಡಿಯಲ್ಲಿ ರವಿಕೆಗಾಗಿ ನಾನು ಹೀಗೆ ದಬಾಯಿಸುತ್ತಿದ್ದಾಗ, ಬೆಂಚಿನ ಮೇಲಿದ್ದ ಹಿರಿಯರೊಬ್ಬರು ದಡಕ್ಕನೆ ಎದ್ದು ನಿಂತರು.

“ಪರ್ಚೇಸ್ ಮೇಡಂ ಅಲ್ವಾ ನೀವು?”

ದನಿ ಕೇಳಿದ್ದೇ ನನಗೂ ಗೊತ್ತಾಯಿತು. ನಮ್ಮ ಕಾರ್ಖಾನೆಗೆ ಜೆ.ಪಿ. ನಗರದ ಶೆಡ್ಡಿನಿಂದ ಸ್ಪ್ರಿಂಗ್ ಮಾಡಿ ಕಳಿಸುವ ರಾಮಣ್ಣ! ಖರೀದಿ ವಿಭಾಗಕ್ಕೆ ಸೇರಿದಂದಿನಿಂದ ಎಂಟು ವರ್ಷ ಬೆಳಗಾದರೆ ಫೋನ್ ಮಾಡಿ, ಮಾಲಿಗಾಗಿ ಅವರನ್ನು ಬೈದಿದ್ದೆ. ಮುಖ ನೋಡಿದ್ದು ಅದೇ ಮೊದಲು. ನನ್ನ ಮದುವೆ ಗೊತ್ತಾದದ್ದು, ಅವರ ಮಗಳ ಬಾಣಂತನ, ಎಲ್ಲ ಸುದ್ದಿಯೂ ಆ ಬೈಗುಳದ ನಡುವೆಯೇ ಹಂಚಿಕೆಯಾಗಿತ್ತು. ಆಮೇಲೆ ಆಫೀಸಿಗೆ ಹೊಸ ಕಂಪ್ಯೂಟರ್ ವ್ಯವಸ್ಥೆ ಬಂತು. ಮಾಲು ತಡವಾದರೆ ಕಂಪ್ಯೂಟರೇ ತಾನಾಗಿ ನೆನಪಿಸುವ ಇಮೇಲ್ ಕಳಿಸತೊಡಗಿತು. ನಾನು ಮ್ಯಾನೇಜರ್ ಆದೆ, ಬೆಳಗಿನ ಫೋನು ನಿಂತುಹೋಯಿತು.

“ಕಂಪ್ಯೂಟರ್ ಒಂದಿನಾನೂ ತಪ್ಪಿಸಲ್ಲ ಮೇಡಂ. ಆದ್ರೆ ತಿಂಡಿ ಆಯ್ತಾ ಅಂತ ಕೇಳಲ್ಲ,” ಎಂದು ರಾಮಣ್ಣ ನಕ್ಕರು.

ಸೋಮವಾರ ಆಫೀಸಿಗೆ ಹೋದವಳೇ ಫೋನೆತ್ತಿದೆ. ಬೆರಳುಗಳು ಅವರ ನಂಬರನ್ನು ಮರೆತಿರಲಿಲ್ಲ. ಕೊನೆಯ ಅಂಕಿ ಒತ್ತುವ ಮೊದಲು ಕಂಪ್ಯೂಟರ್ ನೋಡಿದೆ. ಅವರಿಂದ ಬರಬೇಕಾದ ಮಾಲು ಒಂದೂ ಬಾಕಿ ಇರಲಿಲ್ಲ. ಬೈಯಲು ಒಂದು ನೆವವೂ ಸಿಗದೆ ಫೋನ್ ಇಟ್ಟೆ.