ಕಾರು ಬಿಡುವವರು

ಮೊನ್ನೆ ಹುಬ್ಬಳ್ಳಿಯ ಸ್ಟೇಷನ್ ರಸ್ತೆಯಲ್ಲಿ ಟ್ಯಾಕ್ಸಿಯೊಂದು ಗಟಾರದಲ್ಲಿ ಗಾಲಿ ಸಿಕ್ಕಿಸಿಕೊಂಡು ಒದ್ದಾಡುತ್ತಿತ್ತು. ಕ್ಲಚ್ ಸುಟ್ಟ ವಾಸನೆ. ಹೋಗಿಬರುವವರು ಮೂಗು ಮುಚ್ಚಿಕೊಂಡು ದಾಟಿದರು. ನಾನೊಬ್ಬನೇ ತರಕಾರಿ ಚೀಲ ಹಿಡಿದು ಅಲ್ಲೇ ನಿಂತು, ಆ ಕೆಟ್ಟ ವಾಸನೆಯನ್ನು ಇನ್ನೊಮ್ಮೆ ಎಳೆದುಕೊಂಡೆ... ಅಹಮದಾಬಾದಿನ ಧಣಿ ನೆನಪಾದರು.

ತೊಂಬತ್ತರ ದಶಕದ ಮಾತು. ಬ್ಯಾಂಕಿನವರು ನನ್ನನ್ನು ಧಾರವಾಡದಿಂದ ಎತ್ತಿ ಅಹಮದಾಬಾದಿಗೆ ಹಾಕಿದ್ದರು. ಮಣಿನಗರದಲ್ಲಿ ಒಂದು ಬಾಡಿಗೆ ಕೋಣೆ. ದಿನವಿಡೀ ಅರೆಬರೆ ಹಿಂದಿ, ಹರಕುಮುರುಕು ಗುಜರಾತಿ. ಸಂಜೆ ಕೋಣೆಯ ಬೀಗ ತೆಗೆಯುವಾಗ ‘ಅಯ್ಯೋ ಶಿವನೇ’ ಎಂದು ಬೇಕಂತಲೇ ಜೋರಾಗಿ ಹೇಳುತ್ತಿದ್ದೆ. ನನ್ನದಾದರೂ ಸರಿ, ಕನ್ನಡದ ಒಂದು ದನಿ ಕಿವಿಗೆ ಬೀಳಲಿ ಎಂದು.

ಬೀದಿಯ ತುದಿಯಲ್ಲಿ ಉಡುಪಿ ಹೋಟೆಲೊಂದು ಕಂಡ ಮೇಲೆ ಬದುಕಿಕೊಂಡೆ. ಅದರ ಮಾಲೀಕರು ಕುಂದಾಪುರದ ಕಡೆಯವರು, ಮೂವತ್ತೈದರ ಆಸುಪಾಸಿನವರು. ಕೆಲಸದವರು ‘ಧಣಿ’ ಎನ್ನುತ್ತಿದ್ದರು. ನಾನೂ ಮೊದಲು ತಮಾಷೆಗೆ ಹಾಗೆ ಕರೆದೆ, ಆಮೇಲೆ ಅದೇ ರೂಢಿಯಾಯಿತು. ಗಿರಾಕಿಗಳ ಬಾಯಲ್ಲಿ ‘ಅಣ್ಣ’ ಹೋಗಿ ಅವರು ‘ಅನ್ನಾ’. ಆ ಊರಲ್ಲಿ ದಕ್ಷಿಣದಿಂದ ಬಂದವರೆಲ್ಲ ಅನ್ನಾಗಳೇ. “ಅನ್ನಾ, ಸಾಂಭಾರ್ ಆಪೋ!”, ಸಾಂಬಾರ್ ಕೊಡಿ ಎಂದು ನಾಲ್ಕೂ ಮೂಲೆಯಿಂದ ಕೂಗು. ಧಣಿ ಎಲ್ಲರತ್ತಲೂ ನಗುತ್ತಿದ್ದರು. ಗಿರಾಕಿ ಬೆನ್ನು ತಿರುಗಿಸಿದ ಕೂಡಲೇ ಆ ನಗು ಆರಿಹೋಗುತ್ತಿತ್ತು. ಧಣಿಯ ಹೆಂಡತಿ ಮತ್ತು ಪುಟ್ಟ ಮಗಳು ಊರಲ್ಲೇ ಇದ್ದರು.

ನಮ್ಮ ಗೆಳೆತನ ಶುರುವಾದದ್ದೇ ತಕರಾರಿನಿಂದ. ಒಂದು ದಿನ ಕೇಳಿದರು, “ನಿಮ್ಗೆ ಕಾರ್ ಬಿಡುಕೆ ಬತ್ತಾ?”

“ಕಾರೇ ಇಲ್ಲದಾಂವ ಏನ್ ಬಿಡ್ಲಿರೀ?” ಎಂದೆ.

ಅವರ ಕಡೆ ಕಾರು ಬಿಡುವುದೆಂದರೆ ಓಡಿಸುವುದು. ನಮ್ಮಲ್ಲಿ ಬಿಡುವುದೆಂದರೆ ಬಿಟ್ಟೇಬಿಡುವುದು, ಅದರ ಸಹವಾಸವೇ ಸಾಕು ಎನ್ನುವುದು. ನಾವು ಗಾಡಿ ‘ಹೊಡೀತೀವಿ’ ಎಂದು ವಿವರಿಸಿದೆ. “ಹೊಡುಕೆ ಅದೆಂತ ಎತ್ತಾ ಮರ್ರೆ?” ಎಂದು ಧಣಿ ಗಲ್ಲಾಪೆಟ್ಟಿಗೆ ಬಡಿದು ನಕ್ಕರು. ಆ ನಗು ಮಾತ್ರ ಆರಲಿಲ್ಲ.

ಅವರದೊಂದು ಹಳೆಯ ಕೆಂಪು ಕಾರಿತ್ತು. ಹಿಂದಿನ ಗಾಜಿನ ಮೇಲೆ ಹೋಟೆಲಿನ ಹೆಸರು ಬರೆಸಿದ್ದರು. ನೋಡಲು ಪಾಪದ್ದು, ಆದರೆ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿಸಿ ಏನೇನೋ ಮಾಡಿಸಿದ್ದರು. ರಜೆಯ ಬೆಳಗುಗಳಲ್ಲಿ ಊರಂಚಿನ ವಟ್ವಾದ ಬಣ್ಣದ ಕಾರ್ಖಾನೆಗಳಾಚೆ, ನೇರ ರಸ್ತೆಯೊಂದರಲ್ಲಿ, ಕದ್ದು ರೇಸು ನಡೆಯುತ್ತಿತ್ತು. ಮಿಲ್ಲು ಮಾಲೀಕರ ಮಕ್ಕಳು ಬರುತ್ತಿದ್ದರು, ಗ್ಯಾರೇಜಿನವರು ಬರುತ್ತಿದ್ದರು. ವಡೋದರಾದಿಂದ, ಸೂರತ್ತಿನ ಪಾಂಡೇಸರಾದಿಂದಲೂ ಹುಚ್ಚರು ಬರುತ್ತಿದ್ದರು. ಪೊಲೀಸರ ಸುಳಿವು ಸಿಕ್ಕರೆ ಎಲ್ಲರೂ ದಿಕ್ಕಾಪಾಲು.

ಒಮ್ಮೆ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಹೊರಟ ಕ್ಷಣವೇ ಕ್ಲಚ್ ಸುಟ್ಟ ವಾಸನೆ ತುಂಬಿತು. ಬೆನ್ನು ಸೀಟಿಗೆ ಅಂಟಿಕೊಂಡಿತು. ಕಾರ್ಖಾನೆಯ ಗೋಡೆಗಳು ಕಲಸಿಹೋದವು. ಪಾಳಿ ಮುಗಿಸಿ ಹೊರಟಿದ್ದ ಸೈಕಲ್ಲಿನವನೊಬ್ಬ ಎಡಕ್ಕೆ ಕಂಡ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹಿಂದಾದ. ಅವನ ಟವೆಲ್ಲು ಗಾಳಿಗೆ ಹಾರಿದ್ದನ್ನು ನೋಡಿದೆ. ಡ್ಯಾಶ್‌ಬೋರ್ಡನ್ನು ಎರಡೂ ಕೈಯಿಂದ ಅವುಚಿ ಹಿಡಿದೆ. ಆದರೂ ಇದ್ದದ್ದು ಇದ್ದಂತೆ ಹೇಳಬೇಕು... ಆ ಊರಿಗೆ ಬಂದ ಮೇಲೆ ಅಷ್ಟು ಖುಷಿ ನನಗೆ ಬೇರೆಲ್ಲೂ ಆಗಿರಲಿಲ್ಲ. ಒಂಟಿತನ ಅಷ್ಟು ದೂರ ನಮ್ಮ ಹಿಂದೆ ಓಡಿ ಬರಲಾರದೆ ನಿಂತುಬಿಟ್ಟಿತ್ತು.

ಧಣಿ ಗೆದ್ದರು. ಹುಡುಗರು ಮುತ್ತಿಕೊಂಡು “ಅನ್ನಾ! ಅನ್ನಾ!” ಎಂದು ಕುಣಿದರು. ಹಿಂದಿರುಗುವಾಗ, ಸತ್ತುಗಿತ್ತರೆ ಗತಿಯೇನು ಎಂದು ಬೈದೆ. ಅವರು ರಸ್ತೆ ನೋಡುತ್ತಲೇ ಹೇಳಿದರು, “ಹೋಟ್ಲಲ್ಲಿ ಅನ್ನಾ ಅಂದ್ರೆ ಸಾಂಬಾರ್ ಬೇಕಂತ. ಇಲ್ಲಿ ಅನ್ನಾ ಅಂದ್ರೆ ನಾನೇ ಬೇಕಂತ, ಕಾಣಿ.”

ಊರಿಗೆ ಹೋದ ಅಡುಗೆಯವನೊಬ್ಬ ವಿಷಯವನ್ನು ಧಣಿಯ ಹೆಂಡತಿಯ ಕಿವಿಗೆ ಹಾಕಿದ. ಆ ಸಂಕ್ರಾಂತಿ ಕಳೆದ ಮೇಲೆ ಆಕೆ ಮಗಳನ್ನು ಕರೆದುಕೊಂಡು ಅಹಮದಾಬಾದಿಗೇ ಬಂದು ನೆಲೆಸುವುದೆಂದು ಮಾತಾಗಿತ್ತು. ಈಗ ಷರತ್ತು ಬಂತು: ರೇಸು ನಿಂತರೆ ಮಾತ್ರ. ಧಣಿ ಹೋಟೆಲಿನ ಫೋನಿನಲ್ಲಿ, ನನ್ನೆದುರೇ, “ಆಯ್ತ್ ಮಾರಾಯ್ತಿ, ಬಿಡ್ತೆ” ಎಂದರು. ಫೋನಿಟ್ಟು ಕಣ್ಣು ಮಿಟುಕಿಸಿದರು. “ಸುಳ್ಳ್ ಹೇಳ್ಲಿಲ್ಲ ಮರ್ರೆ. ಬಿಡ್ತೆ ಅಂದೆ, ಅಷ್ಟೆ.”

“ನಗೂ ಮಾತಲ್ರೀ ಇದು. ಆ ತಾಯಿ ನಂಬ್ಯಾಳ,” ಎಂದೆ.

ಧಣಿಯ ಮುಖ ಸಣ್ಣದಾಯಿತು. “ಉತ್ತರಾಯಣದ್ ರೇಸೊಂದ್ ಮುಗೀಲಿ. ಮತ್ತೆ ಕಾರ್ ಮಾರೂದೇ. ಮಗಳ್ ಬಂದ್ರೆ ನಂಗೆ ಇದೆಲ್ಲ ಬ್ಯಾಡ.” ಆ ಮಾತನ್ನು ನಾನು ನಂಬಿದೆ. ಈಗಲೂ ನಂಬುತ್ತೇನೆ.

ಉತ್ತರಾಯಣವೆಂದರೆ ಅಲ್ಲಿಯವರ ಸಂಕ್ರಾಂತಿ, ಆ ದಿನ ಅಹಮದಾಬಾದಿಗೆ ಅಹಮದಾಬಾದೇ ತಾರಸಿ ಹತ್ತಿರುತ್ತದೆ. ಗಾಳಿಪಟ, ಚಿಕ್ಕಿ, ಊಂಧಿಯು ಪಲ್ಯ, ಪೀಪಿಗಳ ಗದ್ದಲ. ಕೆಳಗೆ ರಸ್ತೆಗಳು ಭಣಭಣ. ಅದಕ್ಕೇ ರೇಸಿನವರಿಗೆ ಆ ದಿನವೇ ಬೇಕಿತ್ತು. ಧಣಿ ಕರೆದರು, ನಾನು ಒಲ್ಲೆನೆಂದು ಮನೆ ಮಾಲೀಕರ ತಾರಸಿಗೆ ಹೋದೆ.

ಮಧ್ಯಾಹ್ನ ಹೋಟೆಲಿನವರು ಕೂಗಿ ಕರೆದರು. ಗಲ್ಲಾದ ಎದುರು ಒಬ್ಬ ಅಪರಿಚಿತ ನಿಂತಿದ್ದ. ಬಣ್ಣದ ಕಾರ್ಖಾನೆಯ ಕೂಲಿ, ಉಗುರುಗಳೆಲ್ಲ ನೀಲಿ. ಅಂಗಿಗೆ ರಕ್ತ ಹತ್ತಿತ್ತು. ಹಿಂದಿಯಲ್ಲಿ ತಡವರಿಸುತ್ತಾ ಹೇಳಿದ. ಮಗಳಿಗೆಂದು, ಕಡಿದು ಬೀಳುತ್ತಿದ್ದ ಗಾಳಿಪಟ ಹಿಡಿಯಲು ಮೇಲೆ ನೋಡುತ್ತಲೇ ರಸ್ತೆಗೆ ಇಳಿದಿದ್ದನಂತೆ. ಕೆಂಪು ಕಾರು ಮೈಮೇಲೆ ಬಂದೇಬಿಟ್ಟಿತು ಎನ್ನುವಾಗ ಪಕ್ಕಕ್ಕೆ ಹೊರಳಿ ಗೋಡೆಗೆ ಬಡಿಯಿತಂತೆ. ಉಳಿದ ಕಾರುಗಳು ಒಂದೂ ನಿಲ್ಲಲಿಲ್ಲ. ‘ಅನ್ನಾ’ ಎಂದು ಕುಣಿದವರು ಯಾರೂ ಇಳಿಯಲಿಲ್ಲ. ಇವನೇ ರಿಕ್ಷಾ ತಂದು, ಧಣಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಹೊರಟ. ದಾರಿಯಲ್ಲೇ ಮುಗಿಯಿತು. ಕಾರಿನ ಗಾಜಿನ ಮೇಲಿದ್ದ ಹೆಸರು ನೆನಪಿಟ್ಟುಕೊಂಡು ನಮ್ಮನ್ನು ಹುಡುಕಿ ಬಂದಿದ್ದ.

“ಅನ್ನಾ ಏನೋ ಹೇಳ್ತಾನೇ ಇದ್ದರು,” ಎಂದ. “ನಿಮ್ಮ ಭಾಷೆ. ನನಗೆ ತಿಳೀಲಿಲ್ಲ.”

ಒಂದು ಶಬ್ದವಾದರೂ ನೆನಪಿದೆಯೇ ಎಂದು ಅವನ ಎರಡೂ ಕೈ ಹಿಡಿದು ಕೇಳಿದೆ. ಪಾಪ, ತುಟಿ ಆಡಿಸಿ ನೋಡಿದ, ಏನೂ ಬರಲಿಲ್ಲ. ಕೊನೆಗೆ ಅತ್ತುಬಿಟ್ಟ.

ಊರಿಗೆ ಫೋನ್ ಮಾಡುವ ಧೈರ್ಯ ಹೋಟೆಲಿನ ಯಾರಿಗೂ ಇರಲಿಲ್ಲ. ಹಿರಿಯ ಅಡುಗೆಯವರು ರಿಸೀವರ್ ನನ್ನ ಕೈಗೆ ತುರುಕಿದರು. ನನ್ನ ದನಿ ಕೇಳಿದ್ದೇ ಆ ತಾಯಿ, ಹಬ್ಬದ ಶುಭಾಶಯಕ್ಕೆ ಎಂದುಕೊಂಡರೋ ಏನೋ, ಗೆಲುವಾಗಿ ಮಾತಾಡಿದರು. “ಧಾರವಾಡದವ್ರಾ? ನಿಮ್ ಸುದ್ದಿ ಯಾವಾಗ್ಳೂ ಹೇಳ್ತ್ರ್. ಅಂತೂ ಇವ್ರ್ ಕಾರ್ ಬಿಟ್ರಾ, ಇಲ್ಯಾ?”

“ಬಿಟ್ರು ತಾಯಿ,” ಎಂದೆ. ಆ ಕಡೆ ಮಗು, ಅಪ್ಪನ ಫೋನೆಂದು ರಿಸೀವರಿಗಾಗಿ ಹಟ ಮಾಡುವುದು ಕೇಳಿಸುತ್ತಿತ್ತು... ಅಡುಗೆಯವರು ನನ್ನ ಕೈಯಿಂದ ಫೋನ್ ತೆಗೆದುಕೊಂಡರು.

ಆಮೇಲೆ ಹೋಟೆಲು ಬೇರೆಯವರ ಪಾಲಾಯಿತು. ನನಗೂ ವರ್ಗವಾಯಿತು. ಅವರ ಮನೆಯವರನ್ನು ನಾನು ಒಮ್ಮೆಯೂ ನೋಡಲಿಲ್ಲ.

ಈಗ ಆ ಮಗಳು ಅಪ್ಪನ ವಯಸ್ಸನ್ನು ಮುಟ್ಟಿರಬೇಕು. ಅಪ್ಪ ಕಾರಿನ ಹುಚ್ಚಿಗೆ ಸತ್ತ ಎಂದು ಯಾರೋ ಅವಳಿಗೆ ಹೇಳಿಯೇ ಇರುತ್ತಾರೆ. ಅದು ಸುಳ್ಳಲ್ಲ. ಆದರೆ ಇನ್ನೊಬ್ಬ ಮಗಳ ಅಪ್ಪ ಎದುರು ಬಂದಾಗ ಅವರು ಸ್ಟಿಯರಿಂಗ್ ತಿರುಗಿಸಿದರು ಎನ್ನುವುದನ್ನು ಅವಳಿಗೆ ಹೇಳಿದವರು ಇದ್ದಾರೋ ಇಲ್ಲವೋ. ಹೇಳೋಣವೆಂದರೆ ಅವಳು ಎಲ್ಲಿದ್ದಾಳೆಂದು ನನಗೆ ಗೊತ್ತಿಲ್ಲ.