ಅಮ್ಮನ ವಕೀಲೆ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರು ಕಡಿಮೆ. ಎಲ್ಲರ ಬಾಯಲ್ಲೂ ಅವಳು 'ವಕೀಲಮ್ಮ'. ಅವಳ ಅಮ್ಮನಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಮಗಳಿಗೆ ಎರಡು ತುಂಬುವ ಮೊದಲೇ ಅಪ್ಪ ತೀರಿಕೊಂಡಿದ್ದ. ಹಾಗಾಗಿ ತರಕಾರಿಯವನ ಜೊತೆ ಚೌಕಾಸಿ, ಮನೆ ಮಾಲೀಕನ ಜೊತೆ ಜಗಳ, ಎಲ್ಲವೂ ಐದನೆಯ ವಯಸ್ಸಿನಿಂದ ಅವಳ ಬಾಯಿಂದಲೇ. ಅಮ್ಮ ಕೈಯಲ್ಲಿ ಹೇಳುವಳು, ಮಗಳು ಬಾಯಲ್ಲಿ ಹೇಳುವಳು. ಒಮ್ಮೆ ಶಾಲೆಯ ಮೇಡಂ "ನಿಮ್ಮ ಮಗಳದು ಬರೀ ಹರಟೆ" ಎಂದಾಗ, ಮಗಳು "ಬಹಳ ಚೆನ್ನಾಗಿ ಓದ್ತೀನಂತೆ" ಎಂದು ಅಮ್ಮನಿಗೆ ಕೈಯಾಡಿಸಿದಳು. ಅಮ್ಮ ಮೇಡಂ ಮುಖ ನೋಡಿದಳು, ಮಗಳ ಮುಖ ನೋಡಿದಳು, ಮನೆಗೆ ಬಂದು ಕಿವಿ ಹಿಂಡಿದಳು.

ಇಪ್ಪತ್ತೆರಡಾದಾಗ ಅವಳು ಅಮ್ಮನ ಜೊತೆಯಲ್ಲೇ ಪುಸ್ತಕ ಬೈಂಡಿಂಗ್ ಕೆಲಸದಲ್ಲಿದ್ದಳು. ಅಮ್ಮ ಹಾಳೆಗಳ ಕಟ್ಟಿಗೆ ಹೊಲಿಗೆ ಹಾಕುವಳು, ಪಕ್ಕದ ಮೇಜಿನಲ್ಲಿ ಮಗಳು ರಟ್ಟಿಗೆ ಗೋಂದು ಬಳಿಯುವಳು. ಮೇಸ್ತ್ರಿ ಹೇಳಿದ್ದನ್ನು ಅಮ್ಮನಿಗೆ ತಿಳಿಸಲು ಗೋಂದಿನ ಕೈಯನ್ನೇ ಆಡಿಸುವಳು. ಇಡೀ ಜೀವನ ಹೀಗೇ ಕಳೆದುಹೋಗಿದ್ದರೂ ಅವಳಿಗೆ ಬೇಜಾರಿರುತ್ತಿರಲಿಲ್ಲ.

ಪತ್ರಿಕೆಯ ತುಂಡೊಂದನ್ನು ತಂದು ಮುಂದಿಟ್ಟವಳು ಅಮ್ಮನೇ. ಒಂದು ದಿನದ ಪ್ರಯಾಣದಾಚೆಯ ಊರಿನ ದೊಡ್ಡಾಸ್ಪತ್ರೆಯಲ್ಲಿ, ಕಿವಿ ಕೇಳದ ರೋಗಿಗಳಿಗಾಗಿ ಸಂಜ್ಞೆ ಭಾಷೆ ಬಲ್ಲ ದುಭಾಷಿಗಳು ಬೇಕಾಗಿದ್ದರು. ಆರು ತಿಂಗಳ ತರಬೇತಿ ಅವರದೇ.

"ಹೋಗು," ಎಂದಿತು ಅಮ್ಮನ ಕೈ.

"ಬ್ಯಾಂಕು, ಡಾಕ್ಟರು, ಮನೆ ಮಾಲೀಕ... ನಿನ್ನ ಪರವಾಗಿ ಯಾರು ಮಾತಾಡ್ತಾರೆ?"

"ನೀನು ಹುಟ್ಟೋಕ್ ಮುಂಚೆ ನಾನೇನು ಉಪವಾಸ ಇದ್ನಾ?" ಅಮ್ಮನ ಕೈಗಳು ಚುರುಕಾದವು. "ನನ್ನ ಬಾಲ ಹಿಡ್ಕೊಂಡೇ ಮುದುಕಿ ಆಗ್ತೀಯಾ?"

ಅಮ್ಮ ಒಂಟಿಯಾಗುತ್ತಾಳೆ ಎಂಬುದು ಅರ್ಧ ನೆಪ. ಅಮ್ಮನಿಗಾಗಿ ಹುಲಿಯಾಗುತ್ತಿದ್ದವಳು, ತನಗಾಗಿ ಒಂದು ಲೋಟ ನೀರು ಕೇಳಲೂ ಹಿಂಜರಿಯುತ್ತಿದ್ದಳು. ಇದು ಅಮ್ಮನಿಗೆ ಗೊತ್ತಿತ್ತು. ಬಸ್ಸು ಹೊರಟಾಗ ಅಮ್ಮ ಕೈ ಬೀಸಲಿಲ್ಲ. ಕಿಟಕಿ ಪಕ್ಕ ಬಂದು "ಅಳಬೇಡ, ಜನ ನೋಡ್ತಾರೆ" ಎಂದು ಹೇಳಿ ತಾನೇ ಅತ್ತಳು.

ತರಬೇತಿಯಲ್ಲಿ ಮೊದಲ ದಿನವೇ ತಿಳಿಯಿತು, ಅವಳ ಸಂಜ್ಞೆಗಳಲ್ಲಿ ಅರ್ಧಕ್ಕರ್ಧ ಮನೆಯಲ್ಲೇ ಹುಟ್ಟಿದವು. ಲೋಕದಲ್ಲಿ ಅಮ್ಮನನ್ನು ಬಿಟ್ಟು ಬೇರೆ ಯಾರಿಗೂ ಅವು ತಿಳಿಯವು. ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಯಿತು. ತರಬೇತಿ ಕೊಡುತ್ತಿದ್ದ ಹಿರಿಯ ದುಭಾಷಿಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಆಕೆ ಮುಲಾಜಿಲ್ಲದೆ ಹೇಳಿದಳು: "ಇಲ್ಲಿ ವಕೀಲಿಕೆ ಬೇಡ. ಅವರು ಹೇಳಿದ್ದನ್ನ ಹೇಳು. ಸೇರಿಸ್ಬೇಡ, ಬಿಡ್ಬೇಡ."

ಆದರೂ ಬಿಟ್ಟಳು. ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡ ಒಬ್ಬ ಬಡಗಿ ಬಂದಿದ್ದ. ಅವನಿಗೂ ಕಿವಿ ಕೇಳದು. ಎರಡು ಬೆರಳು ತೆಗೆಯಲೇಬೇಕು ಎಂದರು ಡಾಕ್ಟರು. ಅವನಿಗೆ ಬೆರಳೆಂದರೆ ಕೆಲಸ ಮಾತ್ರವಲ್ಲ, ಮಾತು ಕೂಡ. ಅವಳು "ನೋಡೋಣ ಅಂತಿದಾರೆ" ಎಂದುಬಿಟ್ಟಳು. ಹಿಂದೆ ನಿಂತಿದ್ದ ದೊಡ್ಡಕ್ಕ ಮುಂದೆ ಬಂದು ಇದ್ದದ್ದನ್ನು ಇದ್ದ ಹಾಗೆ ತಿಳಿಸಿದಳು. ಬಡಗಿ ವಕೀಲಮ್ಮನ ಕಡೆ ತಿರುಗಿ, ಬ್ಯಾಂಡೇಜಿಲ್ಲದ ಒಂದೇ ಕೈಯಲ್ಲಿ ಕೇಳಿದ: "ಬೆರಳು ನಂದು. ನಿಜ ನನಗೆ ಬೇಡ್ವಾ?"

ಆ ದಿನ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತಳು. ಆಮೇಲೆ ಬಹಳ ಕಾಲ ಯಾರ ಮಾತನ್ನೂ ಬದಲಿಸಲಿಲ್ಲ. ವರ್ಷ ಕಳೆಯುವಷ್ಟರಲ್ಲಿ "ಆ ಹುಡುಗೀನೇ ಬರ್ಲಿ" ಎಂದು ಕೇಳುವ ರೋಗಿಗಳಿದ್ದರು. ಡಾಕ್ಟರು ಅವಸರ ಮಾಡಿದರೆ "ಸ್ವಲ್ಪ ನಿಧಾನ ಸಾರ್, ಅವರಿಗಿನ್ನೂ ಪ್ರಶ್ನೆ ಇದೆ" ಎನ್ನುವ ಗಟ್ಟಿತನ ಬಂದಿತ್ತು.

ಪ್ರತಿ ಭಾನುವಾರ ವಿಡಿಯೋ ಕಾಲ್. ಅಮ್ಮ ಫೋನನ್ನು ಡಬ್ಬಿಗೆ ಒರಗಿಸಿಟ್ಟು "ನಾನು ಆರಾಮ" ಎನ್ನುವಳು. ಎರಡನೆಯ ವರ್ಷ ಮುಖ ಇಳಿದಂತೆ ಕಂಡಾಗ, ಬೆಳಕು ಸರಿಯಿಲ್ಲ ಎಂದಳು. ಮಗಳೂ ನಂಬಿದಳು.

ಒಂದು ಮಧ್ಯಾಹ್ನ ಕೆಳಮನೆಯ ಟೈಲರಮ್ಮನ ಫೋನು ಬಂತು. "ನಿಮ್ಮಮ್ಮಂಗೆ ಮೆಟ್ಟಿಲು ಹತ್ತೋಕೇ ಆಗ್ತಿಲ್ಲ ಕಣೆ. ಹೇಳ್ಬೇಡ ಅಂತಾಳೆ. ನನಗೆ ತಡೆಯೋಕಾಗ್ಲಿಲ್ಲ."

ಮಾರನೆಯ ದಿನವೇ ಬಂದಳು. ಕಪಾಟಿನಲ್ಲಿ ಬೀದಿ ಕೊನೆಯ ಕ್ಲಿನಿಕ್ಕಿನ ಮೂರು ಚೀಟಿಗಳು ಸಿಕ್ಕವು. ಅಮ್ಮನಿಗೆ ಅಕ್ಷರ ಗೊತ್ತಿತ್ತು, ಆದರೆ ಡಾಕ್ಟರರ ಆ ಗೀಚು ಅವಳಿಗೆ ದಕ್ಕುವಂಥದ್ದಲ್ಲ. ಮಗಳಿಗೆ ಈಗ ಅದು ಸಲೀಸು. ಏಳು ತಿಂಗಳ ಹಿಂದಿನ ಮೊದಲ ಚೀಟಿಯಲ್ಲೇ ಇತ್ತು: 'ಹೊಟ್ಟೆಯಲ್ಲಿ ಗಡ್ಡೆಯ ಅನುಮಾನ. ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಲು ತಿಳಿಸಿದೆ. ರೋಗಿ ಒಪ್ಪಿದ್ದಾರೆ.'

"ಅವರು ಹೇಳಿದ್ದಕ್ಕೆಲ್ಲ ಯಾಕೆ ತಲೆ ಆಡ್ಸಿದೆ?" ಚೀಟಿಯನ್ನು ಅಮ್ಮನ ಮುಂದಿಟ್ಟು ಮಗಳು ಕೇಳಿದಳು.

"ಹೊರಗೆ ಜನ ಕಾಯ್ತಿದ್ರು. ಅವರಿಗೆ ಅವಸರ. ಮಾತ್ರೆ ಕೊಟ್ರು, ವಾಸಿಯಾಗುತ್ತೆ ಅಂದ್ರೇನೋ ಅಂದ್ಕೊಂಡೆ."

"ನನಗೊಂದು ಕಾಲ್ ಮಾಡ್ಬೋದಿತ್ತಲ್ಲಮ್ಮಾ! ಎರಡೇ ನಿಮಿಷ!"

ಅಮ್ಮ ಚೀಟಿಗಳನ್ನು ಮಡಿಸಿ ಕಪಾಟಿನಲ್ಲಿಟ್ಟಳು. ಆಮೇಲೆ ಹೇಳಿದಳು: "ಆ ಹೊತ್ತಲ್ಲಿ ನೀನು ಬೇರೆ ಯಾರ ಪಕ್ಕಾನೋ ನಿಂತಿರ್ತೀಯ ಅನ್ನಿಸ್ತು."

ಅಮ್ಮನನ್ನು ತನ್ನ ಆಸ್ಪತ್ರೆಗೇ ಕರೆದುಕೊಂಡು ಹೋದಳು. ಮನೆಯವರಿಗೆ ದುಭಾಷಿಯಾಗಬಾರದು ಎಂಬ ನಿಯಮವಿತ್ತು. ಆ ಕೆಲಸಕ್ಕೆ ದೊಡ್ಡಕ್ಕ ಬಂದು ಕೂತಿದ್ದಳು. ಅಮ್ಮ ಒಪ್ಪಲಿಲ್ಲ, ಮಗಳತ್ತ ಬೆರಳು ತೋರಿಸಿದಳು. ದೊಡ್ಡಕ್ಕ ಕುರ್ಚಿ ಬಿಟ್ಟೆದ್ದಳು.

ಡಾಕ್ಟರು ನಿಧಾನವಾಗಿಯೇ ಮಾತಾಡಿದರು. "ಗಡ್ಡೆ ಲಿವರ್‌ಗೂ ಹರಡಿದೆ. ಏಳು ತಿಂಗಳ ಹಿಂದೆ ಬಂದಿದ್ರೆ ಏನಾದ್ರೂ ಮಾಡ್ಬೋದಿತ್ತು. ಈಗ ನೋವು ಕಡಿಮೆ ಮಾಡ್ಬೋದು, ಅಷ್ಟೆ. ಕೆಲವು ವಾರ."

ಅವಳು ಹೇಳಿದಳು. ಲಿವರ್, ನೋವು, ಕೆಲವು ವಾರ. ಅಮ್ಮನ ಕಣ್ಣು ಡಾಕ್ಟರ ಮುಖದಿಂದ ಅವಳ ಮುಖಕ್ಕೆ ಬಂತು.

"ನಡುವೆ ಏನೋ ಬಿಟ್ಟೆ."

ಅವಳು ಅದನ್ನೂ ಹೇಳಿದಳು. ಏಳು ತಿಂಗಳು ಎನ್ನಲು ಏಳು ಬೆರಳುಗಳನ್ನು ಅಮ್ಮನ ಮುಂದೆ ಎತ್ತಿ ಹಿಡಿಯಬೇಕಾಯಿತು. ಅಮ್ಮ ಆ ಬೆರಳುಗಳನ್ನು ತನ್ನ ಎರಡೂ ಕೈಯಿಂದ ಮುಚ್ಚಿ ಮಡಿಲಿಗೆಳೆದುಕೊಂಡಳು. ಆಮೇಲೆ ಕೈ ಬಿಟ್ಟು ಡಾಕ್ಟರಿಗೆ ಏನೋ ಕೇಳಿದಳು. ಮಗಳು ಅದಕ್ಕೆ ದನಿ ಕೊಡಬೇಕಿತ್ತು, ಕೊಟ್ಟಳು:

"ನನ್ನ ಮಗಳಿಗೆ ಎಷ್ಟು ದಿನ ರಜ ಕೊಡ್ತೀರಿ?"

ಅಮ್ಮ ಉಳಿದದ್ದು ಐದು ವಾರ. ಕೊನೆಕೊನೆಗೆ ಅಮ್ಮನ ತೋಳು ಮೇಲೇಳುತ್ತಿರಲಿಲ್ಲ; ಸಂಜ್ಞೆಗಳೆಲ್ಲ ಹೊದಿಕೆಯ ಮೇಲಿನ ಬೆರಳ ಅಲುಗಾಟಕ್ಕೆ ಇಳಿದವು. ಒಂದು ಬೆಳಗ್ಗೆ ಎರಡು ಬೆರಳು ಎದ್ದು, ಪಕ್ಕಕ್ಕೆ ವಾಲಿ ಬಿದ್ದವು. "ನೀರಾ? ಕಿಟಕಿ ತೆಗೀಲಾ? ಇನ್ನೊಂದ್ ಸಲ ಹೇಳಮ್ಮಾ," ಎಂದು ಬೇಡಿಕೊಂಡಳು. ಅಮ್ಮ ಪ್ರಯತ್ನಪಟ್ಟಳು. ಆಗಲಿಲ್ಲ. ಸಂಜೆ ಹೊತ್ತಿಗೆ ಉಸಿರು ನಿಂತಿತು. ಆ ಎರಡು ಬೆರಳು ಏನು ಹೇಳಿದವೋ ಅವಳಿಗೆ ಇಂದಿಗೂ ಗೊತ್ತಿಲ್ಲ.

ಮನೆ ಖಾಲಿ ಮಾಡುವಾಗ ಟೈಲರಮ್ಮ ಪಾತ್ರೆ ಕಟ್ಟಲು ನೆರವಾದಳು. "ನಿನ್ನ ಕಳ್ಸಿದ್ದು ಅವಳೇ ಕಣೆ. ಅದನ್ನ ಮನಸ್ಸಿಗೆ ಹಚ್ಕೋಬೇಡ."

"ಕಳ್ಸಿದ್ದು ಅವಳೇ ಅತ್ತೆ. ಹೋದೋಳು ನಾನು."

ಮೂರು ವಾರದ ಮೇಲೆ ಕೆಲಸಕ್ಕೆ ಹಾಜರಾದಳು. ದೊಡ್ಡಕ್ಕ ಅವಳನ್ನು ಹೆರಿಗೆ ವಾರ್ಡಿಗೆ ಹಾಕಿದಳು. ಮೊದಲ ದಿನ ಕಿವಿ ಕೇಳದ ಬಾಣಂತಿಯೊಬ್ಬಳು, ಮಗು ಅಳುತ್ತಿದೆಯಾ ಎಂದು ಕೇಳಿದಳು. ಹೌದು, ಜೋರಾಗಿ ಅಳುತ್ತಿದೆ ಎಂದು ಅವಳು ಹೇಳಿದಳು.